ಬಾಗಿಲಿಗೆ ಕಪ್ಪು ಪಟ್ಟಿ ಕಟ್ಟಿದ ಮನೆ

ನಮ್ಮ ತೊಯೊ ಕೊಲ್ಲಿಯಲ್ಲಿ ಈಗ ಕಡಲಚಿಪ್ಪಿನ ಮಾಂಸದ ಸಾರು ಮಾಡಬೇಕಾದರೆ ಪೇಟೆಯಿಂದ ಡಬ್ಬಿ ತರಬೇಕು. ಕಡಲು ಮನೆ ಬಾಗಿಲಲ್ಲೇ ಇದೆ, ಮಲಗಿದರೆ ಅದರ ಸದ್ದು ದಿಂಬಿನ ಕೆಳಗೇ ಕೇಳುತ್ತದೆ, ಆದರೆ ಪಾತ್ರೆಗೆ ಮಾತ್ರ ಡಬ್ಬಿಯ ಚಿಪ್ಪು. ಮೊದಲು ಹೀಗಿರಲಿಲ್ಲ. ಬ್ರೆಡ್ಡಿಗೆ ಹಿಟ್ಟು ನಾದಿಟ್ಟರೆ ಅದು ಉಬ್ಬುವಷ್ಟರಲ್ಲಿ ಬಂಡೆಗೆ ಹೋಗಿ ಬುಟ್ಟಿ ತುಂಬಿಕೊಂಡು ಬರುತ್ತಿದ್ದೆವು. ಏನಾಯಿತು ಅಂತ ಯಾರನ್ನಾದರೂ ಕೇಳಿ. ಒಬ್ಬರು ನೀರು ಬೆಚ್ಚಗಾಯಿತು ಅನ್ನುತ್ತಾರೆ, ಇನ್ನೊಬ್ಬರು ದೊಡ್ಡ ಹಡಗಿನವರು ಬಾಚಿಕೊಂಡು ಹೋದರು ಅನ್ನುತ್ತಾರೆ, ಏನೂ ತೋಚದವರು ದೇವರ ಮೇಲೆ ಹಾಕುತ್ತಾರೆ. ಬಂಡೆ ಬೋಳಾಗಿದೆ ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಬೋಳಿಸಿದವರು ನಾವೇ ಅಲ್ಲವೇ, ಹೇಗೆ ಹೇಳುತ್ತಾರೆ.

ನಾನು ಸೊಯ್ಲಾ. ಊರಿಗೆಲ್ಲ ಬ್ರೆಡ್ ಬೇಯಿಸಿ ಮಾರುವವಳು. ಬಾಯಿ ಜೋರು ಅಂತ ಹೆಸರಿದೆ, ಇರಲಿ. ಈ ಕಥೆಗೆ ಸ್ವಲ್ಪ ಜೋರು ಬಾಯಿಯೇ ಬೇಕು.

ಅಲೆ ಬಡಿಯುವ ಬಂಡೆಗೆ ಕಚ್ಚಿಕೊಂಡು ಬೆಳೆಯುವ ಕಡಲಸೊಪ್ಪು ನಮ್ಮೂರಿನ ಜೀವನ. ಕಂದು ಬಣ್ಣ, ಆಳಿಗಿಂತ ಉದ್ದ, ಎಳೆದರೆ ತೊಗಲಿನ ಹಾಗೆ ಬಿಗಿ. ಒಣಗಿಸಿಟ್ಟರೆ ಲಾರಿಯವನು ತೂಕ ಹಾಕಿ ಕೊಂಡೊಯ್ಯುತ್ತಾನೆ. ದೂರದ ದೇಶಗಳಲ್ಲಿ ಅದರ ಸಾರ ತೆಗೆದು ಐಸ್‌ಕ್ರೀಮಿಗೆ, ಹಲ್ಲುಜ್ಜುವ ಪೇಸ್ಟಿಗೆ ಬೆರೆಸುತ್ತಾರಂತೆ. ಕಡಲು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಗಂಡಸರು ಹಾರೆ ಹಿಡಿದು ಬಂಡೆಗೆ ಇಳಿಯುತ್ತಾರೆ. ಒಬ್ಬ ಮೇಲೆ ನಿಂತು ಕಡಲನ್ನು ಕಾಯುತ್ತಾನೆ. ದೊಡ್ಡ ಅಲೆ ಏಳುವುದು ಕಂಡರೆ ಅವನು ಕೂಗುವುದು ಒಂದೇ ಮಾತು, "ಸೊಪ್ಪು ಹಿಡಿ." ಕೆಳಗಿದ್ದವನು ಹಾರೆ ಬಿಸಾಕಿ, ಬೋರಲಾಗಿ ಬಿದ್ದು, ಎರಡು ಕೈಯಲ್ಲೂ ಸೊಪ್ಪಿನ ಬುಡ ಹಿಡಿಯುತ್ತಾನೆ. ಅಲೆ ಮೈಮೇಲೆ ಹಾದುಹೋಗುತ್ತದೆ. ಆಮೇಲೆ ಎದ್ದು, ಉಪ್ಪುನೀರು ಉಗುಳಿ, ಮತ್ತೆ ಕೆಲಸ ಶುರು.

ನನ್ನ ಪಕ್ಕದ ಮನೆ ಎರ್ಮಿನಿಯಾಳದು. ಕೆಲವು ಚಳಿಗಾಲಗಳ ಹಿಂದೆ ಅವಳ ಗಂಡ ಎವಾರಿಸ್ತೊನನ್ನು ಚಪ್ಪಟೆ ಬಂಡೆಯ ಮೇಲಿಂದ ಅಲೆ ಎಳೆದುಕೊಂಡು ಹೋಯಿತು. ಹೆಣ ಸಿಗಲಿಲ್ಲ. ಹೆಣ ಸಿಗದಿದ್ದರೆ ನಮ್ಮಲ್ಲಿ ಹೋದವರ ಬಟ್ಟೆಯನ್ನೇ ಪೆಟ್ಟಿಗೆಯಲ್ಲಿಟ್ಟು, ಅದರ ಸುತ್ತ ರಾತ್ರಿಯಿಡೀ ಕೂತು ಜಾಗರಣೆ ಮಾಡಿ, ಮಣ್ಣು ಮಾಡುತ್ತೇವೆ. ಆದರೆ ಎವಾರಿಸ್ತೊನ ತಮ್ಮ ನಿಬಾಲ್ದೊ ಅಡ್ಡ ನಿಂತುಬಿಟ್ಟ.

"ಅಂಗಿ ಪ್ಯಾಂಟು ಹೂಳಕ್ಕೆ ನಮ್ಮಣ್ಣ ಏನ್ ಬಟ್ಟೆ ಅಂಗಡೀನಾ? ಕಣ್ಣಾರೆ ನೋಡೋವರೆಗೂ ಒಂದು ಮೇಣದಬತ್ತಿ ಹಚ್ಚಕ್ಕೂ ನಾನು ಬಿಡಲ್ಲ," ಅಂದ.

ಜಾಗರಣೆ ಆಗಲಿಲ್ಲ. ಜಾಗರಣೆ ಆಗದ ಮನೆಗೆ ಜನ ಯಾವ ಮುಖ ಇಟ್ಟುಕೊಂಡು ಹೋಗುತ್ತಾರೆ? ಸಂತಾಪ ಹೇಳಿದರೆ ಸತ್ತ ಅಂತ ಒಪ್ಪಿದ ಹಾಗೆ, ನಿಬಾಲ್ದೊಗೆ ಸಿಟ್ಟು. ಹೇಳದೆ ಬರೀ ಟೀ ಕುಡಿದು ಬಂದರೆ ಅವಳ ಮನಸ್ಸಿಗೆ ನೋವು. ಹಾಗಾಗಿ ಎಲ್ಲರೂ ಬೀದಿಯ ಆ ಬದಿಯಲ್ಲಿ ನಡೆಯುವುದನ್ನು ಕಲಿತರು. ನಾನು ಗೋಡೆಯ ಮೇಲಿಂದ ಬ್ರೆಡ್ ಕೊಡುತ್ತಿದ್ದೆ. ಗೋಡೆಯ ಮೇಲಿಂದ ಕೊಟ್ಟರೆ ಅದು ವ್ಯಾಪಾರ, ಭೇಟಿ ಅನ್ನಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಅವಳು ಎರಡು ಕಪ್ ಇಡುತ್ತಿದ್ದಳು, ಸಂಜೆ ಎರಡನ್ನೂ ತೊಳೆಯುತ್ತಿದ್ದಳು. ರೇಡಿಯೊದವನು ಶುಭೋದಯ ಅಂದರೆ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದಳು. ಗೋಡೆಯಾಚೆಗೆ ನನಗೆ ಅದೆಲ್ಲ ಕೇಳುತ್ತಿತ್ತು.

ಹೀಗೆ ಮೂರು ಚಳಿಗಾಲ ಕಳೆದ ಮೇಲೆ ಒಂದು ವಾರ ನಿಬಾಲ್ದೊ ಬ್ರೆಡ್ಡಿಗೆ ಬಂದವನು ಒಲೆಗೆ ಬೆನ್ನು ಕಾಯಿಸಿಕೊಳ್ಳುತ್ತ ನಿಂತ.

"ಶನಿವಾರ ಇಳಿತ ಜಾಸ್ತಿ ಇದೆ ಸೊಯ್ಲಕ್ಕ. ಲೋಬೋಸ್ ಮೂಲೆಗೆ ಇಳೀತೀವಿ. ಲಾರಿಯವನಿಗೂ ಹೇಳಿದೀನಿ."

"ಅಲ್ಲೂ ಬೋಳಿಸ್ತೀರಾ? ಅದೊಂದು ಮೂಲೇನಪ್ಪ ಉಳ್ದಿರೋದು."

"ಉಳಿಸ್ಕೊಂಡು ಉಪ್ಪಿನಕಾಯಿ ಹಾಕ್ಬೇಕಾ? ಕಡಲಸೊಪ್ಪು ಅಂದ್ರೆ ಕೂದ್ಲು ಇದ್ದಂಗೆ ಅಕ್ಕ. ಬೋಳಿಸ್ದಷ್ಟೂ ಬರುತ್ತೆ."

"ನಿನ್ನ ತಲೇಲಿ ಬಂದಿದ್ಯಾ?"

ನಿಬಾಲ್ದೊ ಟೋಪಿ ಸರಿಮಾಡಿಕೊಂಡ. ಅವನ ತಲೆ ಬೋಳಾಗಿ ವರ್ಷಗಳೇ ಆಗಿವೆ. "ನಿಮ್ಮ ಬಾಯಿಗೆ ಒಲೇಲಿರೋ ಬ್ರೆಡ್ಡೇ ಸೀದು ಹೋಗುತ್ತೆ," ಅಂತ ನಗುತ್ತ ಹೊರಟ. ನಗು ಬಾಯಲ್ಲಿ ಮಾತ್ರ ಇತ್ತು. ಅಣ್ಣ ಹೋದಮೇಲೆ ಅವನು ಯಾರ ಜೊತೆಗೂ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ.

ಅದೇ ಹೊತ್ತಿಗೆ ವಾಲ್ಪರೈಸೊ ಪಟ್ಟಣದ ಕಡೆಯಿಂದ ಮಕಾರೆನಾ ಅನ್ನುವ ಹುಡುಗಿ ಬಂದಿದ್ದಳು. ಕಡಲಿನ ಗಿಡಗಳ ಬಗ್ಗೆ ಓದಿ, ಆಮೇಲೆ ಕಲೆಯ ದಾರಿ ಹಿಡಿದವಳು. ಊರೂರಿಗೆ ಹೋಗಿ, ಕೋಣೆಯೊಳಗೇ ಕಡಲನ್ನು ಕಟ್ಟಿ ತೋರಿಸುವುದು ಅವಳ ಕೆಲಸ. ಮುಚ್ಚಿಹೋದ ಶಾಲೆಯ ಕೋಣೆಯಲ್ಲಿ ನೀಲಿ ಬಟ್ಟೆಗಳನ್ನು ಇಳಿಬಿಟ್ಟು, ತಂತಿಯ ಮೀನುಗಳನ್ನು ತೂಗುಹಾಕಿ, ದೀಪ ಇಟ್ಟಳು. ನನ್ನ ಅಂಗಡಿಯ ಬಾಗಿಲಿಗೆ ಒಂದು ಕಾಗದವನ್ನೂ ಅಂಟಿಸಿದಳು. 'ಕಡಲು ಒಳಗೆ ಬಂದಿದೆ, ಬನ್ನಿ ನೋಡಿ' ಅಂತ ದೊಡ್ಡ ಅಕ್ಷರದಲ್ಲಿತ್ತು.

ಭೂಮಿ ಅಲುಗಿದರೆ ಕಡಲು ಊರೊಳಗೆ ನುಗ್ಗುತ್ತದೆ ಅಂತ ಬರಿಗಾಲಲ್ಲಿ ಗುಡ್ಡ ಹತ್ತುವ ಜನ ನಾವು. ನಿಬಾಲ್ದೊ ಅದನ್ನು ಓದಿ, "ಕಡಲು ಒಳಗೆ ಬಂದ್ರೆ ಓಡಬೇಕು ಅಂತ ನಮ್ಮಜ್ಜಿ ಹೇಳ್ಕೊಟ್ಟಿದಾಳೆ. ಇವ್ಳು ನೋಡಕ್ಕೆ ಬಾ ಅಂತಾಳಲ್ಲ," ಅಂದ. ಊರೆಲ್ಲ ಆ ಮಾತಿಗೆ ನಕ್ಕಿತು. ನೋಡಲು ಒಂದು ನರಪಿಳ್ಳೆಯೂ ಹೋಗಲಿಲ್ಲ.

ಎರ್ಮಿನಿಯಾ ಒಬ್ಬಳು ಹೋದಳು. ಹೋದವಳು ಕತ್ತಲಾಗುವವರೆಗೂ ಎದ್ದು ಬರಲಿಲ್ಲವಂತೆ. ಅಲ್ಲಿ ನಡೆದ ಮಾತನ್ನು ಆಮೇಲೆ ಇಬ್ಬರೂ ನನಗೆ ಹೇಳಿದ್ದಾರೆ.

"ಇಷ್ಟ ಆಯ್ತಾ ಅಮ್ಮ?" ಅಂತ ಮಕಾರೆನಾ ಕೇಳಿದಳು.

"ಚೆನ್ನಾಗಿದೆ ಮಗಳೇ. ಇಲ್ಲಿ ಇನ್ನೊಬ್ಬರ ಉಸಿರು ಕೇಳುತ್ತೆ. ನನ್ನ ಮನೇಲಿ ಅದೂ ಇಲ್ಲ."

"ನೀವೊಬ್ರೇ ಬಂದಿದ್ದು. ನಾಳೆ ಎಲ್ಲಾ ಬಿಚ್ಚಿ ಊರಿಗೆ ಹೊರಡ್ತೀನಿ."

"ನಮ್ಮ ಜನ ನೀಲಿ ಬಟ್ಟೆ ನೋಡಕ್ಕೆ ಬರಲ್ಲ ಕಣೆ. ಕರೀದೇ ಬರೋದು ಒಂದಕ್ಕೇ, ಸಾವಿಗೆ." ಎರ್ಮಿನಿಯಾ ಮತ್ತೆ ಅಂದಳು, "ನನ್ನ ಮನೇಲಿ ಜಾಗ ಇದೆ. ಶನಿವಾರ ಲೋಬೋಸ್ ಮೂಲೇನ ಬೋಳಿಸ್ತಾರೆ. ಅದಕ್ಕೆ ಮುಂಚೆ ಒಂದ್ಸಲ ಅವರು ಏನನ್ನ ಕೀಳ್ತಿದಾರೆ ಅಂತ ಹತ್ತಿರದಿಂದ ನೋಡ್ಲಿ. ಬಾ, ನಿನ್ನ ಬಟ್ಟೆ ತಗೊಂಡು ಬಾ."

ಶುಕ್ರವಾರ ಮಧ್ಯಾಹ್ನ ದಟ್ಟ ಮಂಜು. ನಾನು ಬ್ರೆಡ್ಡಿನ ಬುಟ್ಟಿ ಹೊತ್ತು ಹೊರಗೆ ಬಂದರೆ ಎರ್ಮಿನಿಯಾ ಮನೆಯ ಬಾಗಿಲಿಗೆ ಕಪ್ಪು ಪಟ್ಟಿ. ಅದರ ಕೆಳಗೆ ಕಾಗದದ ಹೂವಿನ ಚಕ್ರ. ನಮ್ಮಲ್ಲಿ ಅದನ್ನು ಸಾವಾದ ಮನೆಗೆ ಮಾತ್ರ ಕಟ್ಟುವುದು. ಒಬ್ಬಳೇ ಹೋಗಿಬಿಟ್ಟಳಲ್ಲ, ಒಂದು ಲೋಟ ನೀರು ಕೊಡುವವರಿಲ್ಲದೆ ಹೋದಳಲ್ಲ ಅಂತ ಅಳುತ್ತ ಬಾಗಿಲು ಬಡಿದೆ. ಬಾಗಿಲು ತೆರೆದವಳು ಎರ್ಮಿನಿಯಾಳೇ. ಮೈತುಂಬ ಕಪ್ಪು ಬಟ್ಟೆ.

"ಅಯ್ಯೋ, ಬದುಕಿದೀಯಲ್ಲೇ," ಅಂದೆ.

"ಇದೀನಿ. ನೋಡಕ್ಕೆ ಇವತ್ತು ಬಂದ್ಯಾ?"

ಆ ಮಾತು ಚುಚ್ಚಿತು. ಚುಚ್ಚಲಿ ಅಂತಲೇ ಅಂದಿದ್ದಳು. "ಹಾಗಾದ್ರೆ ಯಾರೇ ಹೋಗಿದ್ದು?" ಅಂತ ಕೇಳಿದೆ.

"ಒಳಗೆ ಬಾ. ಒಬ್ರಲ್ಲ."

ನಾನು ಒಳಗೆ ಕಾಲಿಡುವಷ್ಟರಲ್ಲಿ ಬೀದಿಯಲ್ಲಿ ಸುದ್ದಿ ಹಬ್ಬಿಬಿಟ್ಟಿತ್ತು. ಯಾರು ಮೊದಲು ಅಂದರೋ ಗೊತ್ತಿಲ್ಲ, ಎವಾರಿಸ್ತೊ ಸಿಕ್ಕನಂತೆ ಅಂತ ಎಲ್ಲರೂ ಅಂದರು. ಒಬ್ಬರು ಸಕ್ಕರೆ ತಂದರು, ಒಬ್ಬರು ಟೀಪುಡಿ, ಇನ್ನೊಬ್ಬರು ಮೇಣದಬತ್ತಿ. ಜಾಗರಣೆಗೆ ಕುರ್ಚಿ ಸಾಲುವುದಿಲ್ಲ ಅಂತ ಮನೆಮನೆಯಿಂದ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತುಕೊಂಡು ಮಂಜಿನಲ್ಲಿ ಬಂದರು. ಮೂರು ಚಳಿಗಾಲ ಆ ಹೊಸಿಲು ದಾಟದವರೆಲ್ಲ ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಒಳಗೆ ಬಂದರು.

ಒಳಗೆ ಬಂದವರು ತಲೆ ತಗ್ಗಿಸಲೇಬೇಕಿತ್ತು. ಚಾವಣಿಯಿಂದ ನೆಲದವರೆಗೆ ಒಣಗಿದ ಕಡಲಸೊಪ್ಪಿನ ಎಳೆಗಳನ್ನು ಇಳಿಬಿಟ್ಟಿದ್ದರು. ಕೈಯಲ್ಲಿ ಸರಿಸಿಕೊಂಡು ನಡೆಯಬೇಕು, ಮುಖಕ್ಕೆ ತಾಗುತ್ತದೆ, ಉಪ್ಪಿನ ವಾಸನೆ. ಕಿಟಕಿಗಳಿಗೆ ಮಕಾರೆನಾಳ ನೀಲಿ ಬಟ್ಟೆ ಕಟ್ಟಿದ್ದರಿಂದ ಬೆಳಕು ನೀರಿನ ತಳದಲ್ಲಿ ಇರುವಂತೆ ಇತ್ತು. ಹೊಟ್ಟೆಪಾಡಿಗೆ ದಿನಾ ಮೇಲಿಂದ ನೋಡುವ ಕಡಲನ್ನು ನಾವು ಮೊದಲ ಸಲ ಮೀನಿನ ಕಡೆಯಿಂದ ನೋಡಿದೆವು. ನಡುವೆ, ಶವಪೆಟ್ಟಿಗೆ ಇರಬೇಕಾದ ಜಾಗದಲ್ಲಿ, ಬಿಳಿ ಬಟ್ಟೆ ಹಾಸಿದ ಉದ್ದ ಮೇಜು. ಮೇಜಿನ ಮೇಲೆ ಬುಡಸಮೇತ ಒಂದು ದೊಡ್ಡ ಕಡಲಸೊಪ್ಪು ಮಲಗಿತ್ತು. ನಿಬಾಲ್ದೊನ ಕಡೆಯವರು ಕಿತ್ತು ದಡದಲ್ಲಿ ಒಣಹಾಕಿದ್ದ ರಾಶಿಯಿಂದಲೇ ಎತ್ತಿ ತಂದದ್ದು. ಬುಡದ ಗಡ್ಡೆಯನ್ನು ದಿಂಬಿನ ಮೇಲಿಟ್ಟಿದ್ದರು.

ಗಡ್ಡೆಯ ಸುತ್ತ ಬಿಳಿ ಬಟ್ಟೆಯ ಮೇಲೆ ಸಾಲುಸಾಲಾಗಿ ಸಣ್ಣ ಸಣ್ಣ ಸತ್ತ ಜೀವಗಳು. ಬೇಳೆ ಕಾಳಿನಷ್ಟಿರುವ ಏಡಿ, ಅಂಗಿಯ ಗುಂಡಿಯಷ್ಟಿರುವ, ಮುಳ್ಳಿನ ಉಂಡೆಯಂಥ ಕಡಲಮುಳ್ಳು, ಉಗುರಿನಷ್ಟೂ ಇಲ್ಲದ ನಕ್ಷತ್ರಮೀನು, ದಾರದಂಥ ಹುಳು, ಮೀನಿನ ಮೊಟ್ಟೆ. ನಾನು ಬಗ್ಗಿ ನೋಡಿದೆ. ಒಂದು ಸಾಲು ಪೂರ್ತಿ ಚಿಪ್ಪಿನ ಮರಿಗಳು. ನಾವು ಬುಟ್ಟಿ ತುಂಬ ಆರಿಸುತ್ತಿದ್ದ ಅದೇ ಚಿಪ್ಪು, ಅದೇ ಗೆರೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು.

"ಇಷ್ಟೂ ಎಲ್ಲಿತ್ತೇ?" ಅಂದೆ.

"ಈ ಒಂದು ಗಡ್ಡೆಯೊಳಗೆ," ಅಂದಳು ಎರ್ಮಿನಿಯಾ. "ನಾನೂ ಈ ಹುಡುಗೀನೂ ಎರಡು ದಿನ ಕೂತು ಸೂಜಿಲಿ ಬಿಡಿಸಿದೀವಿ."

ಆಗ ಹೊರಗೆ ಯಾರೋ ಓಡಿ ಬರುವ ಸದ್ದು. ನಿಬಾಲ್ದೊ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಹಾರೆ. ದಡದಿಂದ ಹಾಗೇ ಓಡಿ ಬಂದಿದ್ದ.

"ಅಣ್ಣ ಎಲ್ಲಿ? ಯಾವ ಬಂಡೆ ಹತ್ರ ಸಿಕ್ಕಿದ್ದು?"

ತೂಗುವ ಸೊಪ್ಪನ್ನು ಎರಡೂ ಕಡೆ ತಳ್ಳಿಕೊಂಡು ಅವನು ಮೇಜಿನ ಹತ್ತಿರ ಬಂದ. ಬಂದು ನಿಂತ. ಅವನ ಮುಖದಿಂದ ಆಸೆ ಇಳಿದುಹೋದದ್ದನ್ನು ನಾನು ನೋಡಿದೆ, ಅದನ್ನು ನೋಡಬಾರದಿತ್ತು.

"ಏನಿದು ಆಟ ಅತ್ತಿಗೆ? ಸೊಪ್ಪಿಗೆ ಮೇಣದಬತ್ತಿ ಹಚ್ಚಿದೀರಾ? ನಮ್ಮಣ್ಣನ ಹೆಸರು ಹೇಳಿ ಊರನ್ನೇ ಕರೆಸಿದೀರಾ?"

"ನಿಮ್ಮಣ್ಣನ ಹೆಸರು ನಾನು ಎತ್ತಲಿಲ್ಲ. ಪಟ್ಟಿ ಕಟ್ಟಿದೆ ಅಷ್ಟೆ. ಹೆಸರು ಊರಿನೋರು ಸೇರಿಸ್ಕೊಂಡ್ರು." ಎರ್ಮಿನಿಯಾಳ ದನಿ ಕುಗ್ಗಿತು. "ನೀನು ಹಿಂಗೆ ಓಡಿ ಬರ್ತೀಯ ಅಂತ ನಂಗೆ ಹೊಳೀಲಿಲ್ಲ ನಿಬಾಲ್ದೊ. ಅದೊಂದು ತಪ್ಪಾಯ್ತು."

"ಒಂದು ಸೊಪ್ಪಿಗೆ ಇಷ್ಟೆಲ್ಲ ಗೋಳಾ? ಬೇರು ಉಳಿದ್ರೆ ನಾಳೆ ಚಿಗುರುತ್ತೆ."

ಮೂಲೆಯಲ್ಲಿ ಹೆದರಿ ನಿಂತಿದ್ದ ಮಕಾರೆನಾ ಮುಂದೆ ಬಂದಳು. "ಇದು ಬೇರಲ್ಲ ಅಣ್ಣ. ಗಿಡದ ಬೇರು ನೀರು ಕುಡಿಯುತ್ತೆ, ಇದು ಏನೂ ಕುಡಿಯಲ್ಲ. ಬಂಡೆ ಹಿಡ್ಕೊಳ್ಳಕ್ಕೆ ಅಂತಲೇ ಇರೋದು, ನಮ್ಮ ಕೈ ಇದ್ದಂಗೆ. ನಡುವೆ ಕತ್ತರಿಸಿದ್ರೂ ಇದು ಚಿಗುರಲ್ಲ. ಹೊಸ ಸೊಪ್ಪು ಬರೋದು ದೊಡ್ಡ ಸೊಪ್ಪು ಬಿಡೋ ಬೀಜದಂಥ ಪುಡಿಯಿಂದ. ದೊಡ್ಡದೆಲ್ಲಾ ಕಿತ್ತುಬಿಟ್ರೆ ಪುಡಿ ಬಿಡೋರು ಯಾರು? ಅಲ್ಲೊಂದು ಇಲ್ಲೊಂದು ಮರಿ ಹುಟ್ಟಿದ್ರೂ ಬಯಲಲ್ಲಿ ಕಾಯೋರಿಲ್ಲ, ಬಸವನಹುಳು ಬಂದು ಮೇಯ್ದು ಹೋಗುತ್ತೆ."

"ಹಾಗಂತ ನಾವು ಉಪವಾಸ ಸಾಯ್ಬೇಕಾ?"

"ಯಾರು ಹಾಗಂದಿದ್ದು? ಕೀಳಿ. ನಿಮ್ಮ ಗೇಣು ಇಟ್ಟು ನೋಡಿ, ಗಡ್ಡೆ ಗೇಣಿಗಿಂತ ಅಗಲ ಇದ್ರೆ ಕೀಳಿ, ಚಿಕ್ಕದನ್ನ ಮುಟ್ಟಬೇಡಿ. ಒಂದನ್ನ ಕಿತ್ರೆ ಪಕ್ಕದ ಎರಡನ್ನ ಬಿಡಿ. ಕಡಲು ತಾನಾಗೇ ದಡಕ್ಕೆ ಎಸೆದಿದ್ದನ್ನೆಲ್ಲಾ ಆರಿಸ್ಕೊಳ್ಳಿ."

"ಓದಿದೋರಿಗೆ ಹೇಳೋದು ಸುಲಭ," ಅಂತ ನಿಬಾಲ್ದೊ ಬಾಗಿಲ ಕಡೆ ತಿರುಗಿದ.

"ನಿಬಾಲ್ದೊ," ಅಂದಳು ಎರ್ಮಿನಿಯಾ. "ಅಲೆ ಬಂದಾಗ ಮೇಲೆ ನಿಂತೋನು ಏನಂತ ಕೂಗ್ತಾನೆ?"

ಅವನು ನಿಂತ. ಇದನ್ನು ಈ ಊರಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ.

"ಆವತ್ತು ಮೇಲೆ ನಿಂತೋನು ನೀನೇ ಅಲ್ವಾ? ಕೂಗಿದ್ಯಾ?"

"ಕೂಗ್ದೆ ಅತ್ತಿಗೆ." ನಿಬಾಲ್ದೊ ಹಾರೆಯನ್ನು ಎರಡು ಕೈಯಲ್ಲೂ ಊರಿಕೊಂಡಿದ್ದ. "ಗಂಟಲು ಹರಿಯೋ ಹಂಗೆ ಕೂಗ್ದೆ. ಅಣ್ಣಂಗೆ ಕೇಳಿಸ್ತು. ಬೋರಲು ಬಿದ್ದು ಎರಡೂ ಕೈ ಚಾಚಿದ."

"ಏನು ಸಿಕ್ತು?"

ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು, ಯಾರೂ ಇಳಿಸಲು ಹೋಗಲಿಲ್ಲ.

"ಏನೂ ಇರ್ಲಿಲ್ಲ. ಹಿಂದಿನ ವಾರ ಆ ಬಂಡೇನ ನಾನೇ ಬೋಳಿಸಿದ್ದೆ. ಒಂದೂ ಬಿಡದೆ ಕಿತ್ತಿದ್ದೆ. ಅಣ್ಣ ಬರೀ ಕಲ್ಲನ್ನ ಕೆರೀತಾ ಕೆರೀತಾ ಜಾರಿ ಹೋದ."

ಯಾರೋ ಅವನ ಹಿಂದೆ ಕುರ್ಚಿ ಸರಿಸಿದರು. ಅವನು ಕೂತುಬಿಟ್ಟ. ಎರ್ಮಿನಿಯಾ ಅವನನ್ನು ಬೈಯುತ್ತಾಳೆ ಅಂದುಕೊಂಡೆ, ನಾನಾಗಿದ್ದರೆ ಬೈಯುತ್ತಿದ್ದೆ. ಅವಳು ಇನ್ನೊಂದು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು.

"ಇದನ್ನ ಹೇಳಕ್ಕೆ ಆಗದೆ ಜಾಗರಣೆ ಬೇಡ ಅಂದ್ಯಾ?"

ಅವನು ಹೌದು ಅಂತ ತಲೆಯಾಡಿಸಿದ. "ಜನರ ಮಧ್ಯೆ ಅಣ್ಣನ ಪೆಟ್ಟಿಗೆ ಮುಂದೆ ಕೂತ್ರೆ ಬಾಯಿಂದ ಬಂದ್ಬಿಡುತ್ತೆ ಅಂತ ಭಯ."

"ನೀನು ಅಲ್ಲಿ ಒಬ್ನೇ ಕೂತಿದ್ದೆ. ನಾನು ಇಲ್ಲಿ ಒಬ್ಳೇ ಕೂತಿದ್ದೆ. ನಡುವೆ ಎರಡು ಮನೆ ಇತ್ತು ಅಷ್ಟೆ ಕಣೋ."

ಎರ್ಮಿನಿಯಾ ಎದ್ದು ಮಲಗುವ ಕೋಣೆಗೆ ಹೋದಳು. ಬರುವಾಗ ಕೈಯಲ್ಲಿ ಎವಾರಿಸ್ತೊನ ಬೂದು ಸ್ವೆಟರ್ ಇತ್ತು, ಮೊಣಕೈಗೆ ಅವಳೇ ಹಾಕಿದ ತೇಪೆ. ಅದನ್ನು ಮೇಜಿನ ಮೇಲೆ, ಸೊಪ್ಪಿನ ಪಕ್ಕದಲ್ಲಿ ಹಾಸಿದಳು. ತೋಳು ಗಡ್ಡೆಯ ಹತ್ತಿರ ಬರುವಂತೆ ಸರಿಮಾಡಿದಳು.

"ಇವತ್ತಾದ್ರೂ ಮೇಣದಬತ್ತಿ ಹಚ್ಚಕ್ಕೆ ಬಿಡ್ತೀಯಾ?" ಅಂತ ಕೇಳಿದಳು.

ನಿಬಾಲ್ದೊ ಟೋಪಿ ತೆಗೆದ. ಹಾರೆಯನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ಬಂದು, ತಾನೇ ಒಂದು ಮೇಣದಬತ್ತಿ ಹಚ್ಚಿದ. ಆಗ ನಾವೆಲ್ಲ ಸಾಲಾಗಿ ಹೋಗಿ ಎರ್ಮಿನಿಯಾಳ ಕೈ ಹಿಡಿದು, ಮೂರು ಚಳಿಗಾಲದಿಂದ ಗಂಟಲಲ್ಲೇ ಇದ್ದ ಸಂತಾಪದ ಮಾತು ಹೇಳಿದೆವು. ನಾನು ಹೇಳಲು ಹೋಗಿ ಅತ್ತುಬಿಟ್ಟೆ. ಆಮೇಲೆ ಜಾಗರಣೆಗೆ ಮಾಡುವ ಬಿಸಿ ಸಾರಾಯಿ ಬಂತು, ದಾಲ್ಚಿನ್ನಿ ಸಕ್ಕರೆ ಹಾಕಿದ್ದು, ನನ್ನ ಬುಟ್ಟಿಯ ಬ್ರೆಡ್ ಖಾಲಿಯಾಯಿತು.

ಶನಿವಾರ ಇಳಿತಕ್ಕೆ ಗಂಡಸರು ಲೋಬೋಸ್ ಮೂಲೆಗೆ ಹೋದರು. ಹೋಗಲೇಬೇಕು, ಮನೆ ನಡೆಯಬೇಕಲ್ಲ. ಆದರೆ ನಿಬಾಲ್ದೊ ಪ್ರತಿ ಗಡ್ಡೆಗೂ ಗೇಣು ಇಟ್ಟು ನೋಡಿದ. ಚಿಕ್ಕದನ್ನು ಬಿಟ್ಟ, ದೊಡ್ಡದನ್ನು ಕಿತ್ತಾಗ ಅಕ್ಕಪಕ್ಕದ ಎರಡನ್ನು ಬಿಟ್ಟ. ಒಬ್ಬ ಹಾರೆ ಹಾಕಲು ಹೋದರೆ, "ಅದು ಮುಂದಿನೋನು ಹಿಡ್ಕೊಳ್ಳಕ್ಕೆ, ಬಿಡೋ," ಅಂತ ಗದರಿದ. ಲಾರಿಯವನು ಅರ್ಧ ಲಾರಿ ಖಾಲಿ ಅಂತ ಗೊಣಗಿಕೊಂಡು ಹೋದ. ಗೊಣಗಲಿ, ಅವನು ಬಂಡೆಗೆ ಇಳಿಯುವವನಲ್ಲ.

ಚಪ್ಪಟೆ ಬಂಡೆ ಇನ್ನೂ ಬೋಳಾಗೇ ಇದೆ, ಸುಳ್ಳು ಹೇಳುವುದಿಲ್ಲ. ಈ ಚಳಿಗಾಲ ಅದರ ಒಂದು ಬಿರುಕಿನಲ್ಲಿ ಕಿರುಬೆರಳುದ್ದದ ಸೊಪ್ಪು ಕಂಡಿದೆ. ನಿಬಾಲ್ದೊ ಅದನ್ನು ನೋಡಲು ದಿನಾ ಹೋಗುತ್ತಾನೆ, ಬರುವಾಗ ಅತ್ತಿಗೆಯ ಮನೆಯಲ್ಲಿ ಟೀ ಕುಡಿಯುತ್ತಾನೆ. ಆ ಮನೆಯನ್ನು ಎರ್ಮಿನಿಯಾ ಹಾಗೇ ಇಟ್ಟಿದ್ದಾಳೆ, ಸೊಪ್ಪು ತೂಗುತ್ತಿದೆ, ಮೇಜು ಇದೆ. ಊರಿನವರು ಕುರ್ಚಿಗಳನ್ನು ವಾಪಸ್ ತೆಗೆದುಕೊಂಡು ಹೋಗಲಿಲ್ಲ. ಅಕ್ಕಪಕ್ಕದ ಕೊಲ್ಲಿಗಳಿಂದ ಜನ ಬಂದು ಕೂತು ನೋಡುತ್ತಾರೆ. ಯಾರೂ ಬಾರದ ದಿನಗಳೂ ಇವೆ, ಆಗ ಅಷ್ಟು ಖಾಲಿ ಕುರ್ಚಿಗಳ ನಡುವೆ ಅವಳೊಬ್ಬಳೇ ಕೂತಿರುತ್ತಾಳೆ. ಗಂಡ ಹೋದವಳ ಒಂಟಿತನವನ್ನು ಯಾವ ಜಾಗರಣೆಯೂ ಪೂರ್ತಿ ತೆಗೆಯುವುದಿಲ್ಲ. ಗೋಡೆಯಾಚೆ ರೇಡಿಯೊಗೆ ಉತ್ತರ ಕೊಡುವುದು ಕೇಳಿದರೆ ನಾನು ಬ್ರೆಡ್ ಬುಟ್ಟಿ ಬಿಟ್ಟು ಬರಿಗೈಯಲ್ಲಿ ಹೋಗುತ್ತೇನೆ, ಬಾಗಿಲಿನಿಂದ ಹೋಗುತ್ತೇನೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆ ಕಡಲಿನಿಂದ ಎಷ್ಟೇ ದೂರ ಇರಲಿ, ನೀವು ಎಳೆಯುವ ಉಸಿರಿನ ಹತ್ತಿರ ಹತ್ತಿರ ಅರ್ಧ ಪಾಲು ಕಡಲಿನ ಪಾಚಿ, ಸೊಪ್ಪುಗಳು ಕೊಡುವುದು. ಅಲ್ಲಿನ ಸೊಪ್ಪಾಗಲಿ, ಚಿಪ್ಪಾಗಲಿ, ಮೀನಾಗಲಿ, ಬೇಕಾದಷ್ಟು ತೆಗೆದುಕೊಳ್ಳಿ, ಮರಿಗಳನ್ನು ಬಿಡಿ, ಮರಿಗಳನ್ನು ಕಾಯುವ ದೊಡ್ಡವುಗಳಲ್ಲಿ ಕೆಲವನ್ನು ಬಿಡಿ. ನಿಮ್ಮ ಬೀದಿಯಲ್ಲಿ ಯಾರೂ ತಟ್ಟದ ಬಾಗಿಲು ಒಂದಿದ್ದರೆ ಅದಕ್ಕೆ ಕಪ್ಪು ಪಟ್ಟಿ ಬರುವ ಮೊದಲೇ ಹೋಗಿ ತಟ್ಟಿ. ಅಲೆ ಎಲ್ಲರ ಮನೆಗೂ ಒಂದು ದಿನ ಬರುತ್ತದೆ. ಮೇಲಿಂದ ಯಾರೋ ಕೂಗುತ್ತಾರೆ, ನಾವು ಕೈ ಚಾಚುತ್ತೇವೆ. ಆಗ ಹಿಡಿದುಕೊಳ್ಳಲು ಅಲ್ಲಿ ಏನಾದರೂ ಇರಲಿ.